ಎಡಗಡೆಯ ತಗ್ಗು

ಬೆರಳು ಒತ್ತಿದ ಕಡೆಯೆಲ್ಲ ಒಳಗೆ ಹೋಗುತ್ತಿದೆ, ಥೂ, ಕೊಳೆತ ಹಣ್ಣಿನ ಹಾಗೆ, ಸೈಕಲ್ ಸೀಟಿನ ಚರ್ಮ ಅಂದರೆ ಗೆಣ್ಣಿನಿಂದ ಬಡಿದಾಗ ಟಕ್ ಟಕ್ ಅನ್ನಬೇಕು, ಅಕ್ಕ ಹಾಗೇ ಬಡಿದು ಕಿವಿಗೊಟ್ಟು ಕೇಳುತ್ತಿದ್ದಳು, ಇದು ಸದ್ದೇ ಮಾಡುತ್ತಿಲ್ಲ, ಹಳೇ ದಿಂಬಿನ ಹಾಗೆ ಮೇಜಿನ ಮೇಲೆ ಮೂಕವಾಗಿ ಬಿದ್ದಿದೆ, ಕೆಳಗಿನ ಪೇಪರಿನಲ್ಲಿ ಎಣ್ಣೆಯ ಕಲೆ ಹರಡುತ್ತ ಹರಡುತ್ತ ಹೋಗುತ್ತಿದೆ, ಇಷ್ಟೆಲ್ಲ ಮಾಡಿ ತಂದುಕೊಟ್ಟ ಮಹಾನುಭಾವರು, ಅಕ್ಕನ ಗಂಡ, ಔಷಧಿ ಅಂಗಡಿಯ ಭಾವ, ಎದುರಿನ ಸ್ಟೂಲಿನ ತುದಿಯಲ್ಲಿ ಕೂತು ಶಹಭಾಸ್‌ಗಿರಿಗೆ ಕಾಯುತ್ತಿದ್ದಾರೆ. ಎಣ್ಣೆ ಹಚ್ಚಿದೀನಿ ಕಡ್ಡಿ, ಒಳ್ಳೇ ಎಣ್ಣೆ, ಎಷ್ಟು ಹಚ್ಚಿದ್ರೂ ಕುಡೀತಾನೇ ಇತ್ತು, ಅಂದರು ಬಂದ ಕೂಡಲೇ, ಕಡ್ಡಿ ಅನ್ನೋದು ಅಕ್ಕ ಇಟ್ಟ ಅಡ್ಡಹೆಸರು, ಇವರ ಬಾಯಲ್ಲೂ ಅದೇ. ಕುಡೀತಾನೇ ಇತ್ತಂತೆ. ಕುಡಿಯದೆ ಏನು ಮಾಡುತ್ತೆ, ಸತ್ತ ಪ್ರಾಣಿಯ ತೊಗಲು, ಸಾಕು ಅನ್ನೋಕೆ ಬಾಯಿದೆಯಾ ಅದಕ್ಕೆ. ಕಡ್ಡಿಗೆ ಬಾಯಿದೆ, ಆದರೆ ಈಗ ತೆರೆದರೆ ಏನು ಹೊರಬೀಳುತ್ತೋ ಅವಳಿಗೇ ಗೊತ್ತಿಲ್ಲ, ಅದಕ್ಕೇ ತುಟಿ ಬಿಗಿದು ಒಣ ಬಟ್ಟೆಯಲ್ಲಿ ಒರೆಸುತ್ತಿದ್ದಾಳೆ, ಒರೆಸಿದಷ್ಟೂ ಒಸರುತ್ತಿದೆ, ಎಷ್ಟು ಬಾಟ್ಲಿ ಸುರಿದಿರಬಹುದು ಈ ಮನುಷ್ಯ, ಅಕ್ಕ ಬದುಕಿದ್ದಿದ್ದರೆ ಕೊರಳಲ್ಲಿದ್ದ ಸೀಟಿ ಊದಿ ಮೈದಾನದ ಸುತ್ತ ಓಡಿಸುತ್ತಿದ್ದಳು, ಶಾಲೆಯ ಡ್ರಿಲ್ ಟೀಚರ್ ಅಲ್ಲವೇ, ಗಂಡನನ್ನೂ ಬಿಡುತ್ತಿರಲಿಲ್ಲ. ವರ್ಷಕ್ಕೆ ಎರಡು ಸಲ ಕಣೇ ಕಡ್ಡಿ, ಬೆರಳ ತುದಿಯಷ್ಟು ಮೇಣ, ಅದೂ ಅಡಿಗಡೆಯ ಒರಟು ಭಾಗಕ್ಕೆ, ಮೇಲ್ಗಡೆ ಸುಮ್ನೆ ಸವರಿದ ಹಾಗೆ ಮಾಡಬೇಕು, ಮಳೆಯಲ್ಲಿ ನೆಂದ್ರೆ ನೆರಳಲ್ಲಿ ತಾನಾಗೇ ಒಣಗಲಿ, ಒಲೆ ಹತ್ರ ಇಡಬೇಡ, ಒದ್ದೆ ಸೀಟಿನ ಮೇಲೆ ಕೂರಬೇಡ, ಒಂದ್ಸಲ ಜಗ್ಗಿತೋ ಮುಗೀತು ಕಥೆ, ಅನ್ನುತ್ತಿದ್ದಳು. ಇಷ್ಟನ್ನೂ ಹೆಂಡತಿಯ ಬಾಯಿಂದ ಊಟದ ಹೊತ್ತಿಗೆಲ್ಲ ಕೇಳಿಕೊಂಡೇ ಸಂಸಾರ ಮಾಡಿದ ಭಾವ. ಕೇಳಿಕೊಂಡರೋ ತಲೆ ಆಡಿಸಿದರೋ.

ಸೀಟು ಕೊಡಿ ಕೊಡಿ ಅಂತ ಅವಳು ಎಷ್ಟು ಸಲ ಕೇಳಿದ್ದಳು. ಅಕ್ಕ ಹೋದ ಮೇಲೆ ಸೈಕಲ್ಲು ಶಾಲೆಗೆ ಹೋಯಿತು, ಬೂಟು ಯಾರಿಗೋ ಹೋಯಿತು, ಸೀಟು ಮಾತ್ರ ನನಗಿರಲಿ ಭಾವ ಅಂದಿದ್ದಳು. ಕೊಡ್ತೀನಿ, ಕೊಡ್ತೀನಿ, ಹುಡುಕಬೇಕು, ಅಟ್ಟದ ಮೇಲಿದೆ, ಅಂತ ರಾಗ ಎಳೆದು ಕೊನೆಗೆ ಇವತ್ತು, ಹೊರಡುವ ಹಿಂದಿನ ದಿನ, ರಜಾ ಅಂತ ಬೀಗ ಹಾಕಿದ ಲ್ಯಾಬಿನ ಬಾಗಿಲು ತಟ್ಟಿ ತಂದಿದ್ದಾರೆ. ರಜೆಯಾದರೂ ಅವಳು ಇಲ್ಲೇ ಇರುತ್ತಾಳೆ ಅಂತ ಗೊತ್ತು, ಮನೆಯಲ್ಲಿ ಸಾಮಾನು ಕಚ್ಚಿ ಹಿಡಿಯುವ ಬೈಸು ಇಲ್ಲ, ಇಷ್ಟು ಬೆಳಕೂ ಇಲ್ಲ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಉದ್ದ ಕೋಣೆ, ಅವಳು ಪರರ ಬಾಯಿಗೆ ಹಲ್ಲು ಕಟ್ಟುವ ಜಾಗ, ಗೋಡೆ ತುಂಬ ಪ್ಲಾಸ್ಟರಿನ ದವಡೆಗಳು ಸಾಲಾಗಿ ಹಲ್ಲು ಕಿಸಿದುಕೊಂಡು ಕೂತಿವೆ, ಭಾವ ಅವುಗಳ ಕಡೆ ನೋಡದೆ ನೆಲ ನೋಡುತ್ತಿದ್ದಾರೆ. ನಾಳೆ ಬೆಳಗ್ಗೆ ಸಮುದ್ರದಂಡೆಯ ದೀಪಸ್ತಂಭಕ್ಕೆ, ಸೈಕಲ್ಲಿನಲ್ಲಿ. ಒಂದು ಹಗಲು ಹೋಗೋದು, ಒಂದು ಹಗಲು ಬರೋದು. ಅವಳ ಪ್ಲಾಸ್ಟಿಕ್ ಸೀಟಿನ ಮೇಲೆ ಪೇಟೆ ಸುತ್ತಬಹುದು, ಅಷ್ಟು ದೂರ ಹೋದರೆ ಕೆಳಗೆಲ್ಲ ಜೋಮು ಹಿಡಿದು ಇಳಿದ ಮೇಲೆ ಕಾಲು ಯಾರದೋ ಅನ್ನಿಸುತ್ತೆ. ಅಕ್ಕನ ಜೊತೆ ಹೊರಟಿದ್ದ ದಾರಿ ಅದು, ಅರ್ಧ ಹೋಗಿದ್ದರು ಅಷ್ಟೇ, ಸೇತುವೆ ಪಕ್ಕದ ಟೀ ಅಂಗಡಿಯಲ್ಲಿ ಅಕ್ಕ ಲೋಟ ಕೆಳಗಿಟ್ಟು, ಬೋರಾಯ್ತು ಕಣೇ, ವಾಪಸ್ ಹೋಗೋಣ, ಅಂದುಬಿಟ್ಟಳು. ಬೋರಾಯ್ತು! ತಿಂಗಳುಗಟ್ಟಲೆ ಅದೇ ಮಾತು, ಸಮುದ್ರ ನೋಡಬೇಕು, ಗೋಪುರದ ಮೆಟ್ಟಿಲು ಹತ್ತಬೇಕು, ಮೇಲಿಂದ ಕೂಗು ಹಾಕಬೇಕು, ಅಂತ ಜೀವ ತಿಂದವಳು ಅಕ್ಕನೇ, ಅರ್ಧ ದಾರಿಯಲ್ಲಿ ಬೋರಾಯ್ತು ಅಂದವಳೂ ಅಕ್ಕನೇ. ಅವತ್ತು ಇವಳು ಸಿಟ್ಟಿಗೆ ಮಾತು ಬಿಟ್ಟಳು. ಅಕ್ಕ ಒಂದು ಟೆಂಪೋ ಕೈಮಾಡಿ ನಿಲ್ಲಿಸಿ ಸೈಕಲ್ಲು ಹಾಕಿಸಿಕೊಂಡು ಹೋದಳು, ಇವಳು ಒಬ್ಬಳೇ ಎದುರುಗಾಳಿಯಲ್ಲಿ ಬೈಯುತ್ತ ತುಳಿದುಕೊಂಡು ಬಂದಳು, ಗಾಳಿಗೆ ಬೈದಳು, ಅಕ್ಕನಿಗೆ ಬೈದಳು, ಆಮೇಲೆ ರಾಜಿಯೂ ಆಯಿತು, ಅಕ್ಕತಂಗಿಯರ ಸಿಟ್ಟು ಎಷ್ಟು ದಿನದ್ದು, ಇನ್ನೊಂದ್ಸಲ ಹೋಗೋಣ ಬಿಡು ಅಂದಳು ಅಕ್ಕ. ಇನ್ನೊಂದ್ಸಲ ಬರಲಿಲ್ಲ. ಇದ್ದಕ್ಕಿದ್ದ ಹಾಗೆ ಕಾಯಿಲೆ ಅಂದರು, ಸೊಂಟದ ಮೂಳೆ ಅಂದರು, ಎಲ್ಲ ಕಡೆ ಹರಡಿಬಿಟ್ಟಿದೆ, ಯಾರಿಗೂ ಗೊತ್ತೇ ಆಗಲಿಲ್ಲ ಅಂದರು, ಆಸ್ಪತ್ರೆ ಮಂಚದ ಮೇಲೆ ಅಕ್ಕ ಒಣಗಿದ ಎಲೆಯ ಹಾಗೆ, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ — ಬಟ್ಟೆ ನೆಂದುಹೋಯಿತು, ಇನ್ನೊಂದು ಬಟ್ಟೆ ಬೇಕು, ಎಲ್ಲಿಟ್ಟಳು.

ಒರೆಸಿದರೆ ಆಗುವುದಿಲ್ಲ, ಎಳೆಯಬೇಕು, ಎಣ್ಣೆಯನ್ನು ಹೊರಗೆ ಎಳೆಯಬೇಕು. ಕೈತೊಳೆಯುವ ಜಾಗದ ಪಕ್ಕದಲ್ಲಿ ಪೌಡರ್ ಡಬ್ಬಿ ಇದೆ, ರಬ್ಬರ್ ಕೈಗವಸು ಹಾಕಿಕೊಳ್ಳೋಕೆ ಇಟ್ಟದ್ದು, ಮುಚ್ಚಳ ಕಿತ್ತು ಇಡೀ ಡಬ್ಬಿಯನ್ನೇ ಸೀಟಿನ ಮೇಲೆ ಬೋರಲು ಹಾಕಿದಳು, ಘಮ್ಮೆಂದು ಮೋಡ ಎದ್ದಿತು, ಭಾವ ಕೆಮ್ಮಿದರು, ಏನ್ ಮಾಡ್ತಿದೀಯಾ ಕಡ್ಡಿ, ಕೂಸಿಗೆ ಸ್ನಾನ ಮಾಡಿಸಿದ ಹಾಗೆ. ಹೂಂ, ನೀವು ಎಣ್ಣೆ ಸ್ನಾನ ಮಾಡಿಸಿದೀರಲ್ಲ, ಮುಂದಿಂದು ನಾನು ಮಾಡ್ತಿದೀನಿ, ಅಂದಳು. ನಗಿಸೋಕೆ ಹೇಳಿದ್ದಲ್ಲ, ಆದರೂ ಭಾವನ ಬಾಯಿ ನಗೋಕೆ ಹೋಗಿ ಅರ್ಧಕ್ಕೆ ನಿಂತಿತು. ಭಾವ ಎದ್ದು ಸ್ಟೌ ಹಚ್ಚಿ ಚಹಾ ಮಾಡಿದರು, ಸಕ್ಕರೆ ಎಲ್ಲಿ ಅಂತ ಕೇಳಲಿಲ್ಲ, ಹುಡುಕಿಕೊಂಡರು, ಅಷ್ಟಾದರೂ ಬರುತ್ತೆ. ಚಹಾ ಕುಡಿದು ಮುಗಿಯುವ ಹೊತ್ತಿಗೆ ಪೌಡರು ಹಳದಿಗೆ ತಿರುಗಿ ಗಟ್ಟಿ ಕಟ್ಟಿತ್ತು, ಹಲ್ಲಿನ ಅಚ್ಚು ಸ್ವಚ್ಛ ಮಾಡುವ ಬ್ರಶ್ಶಿನಿಂದ ಮೆಲ್ಲಗೆ ಗುಡಿಸಿದಳು, ಸೀಟಿನ ಚೂಪು ಮೂತಿಯಿಂದ ಹಿಂದಕ್ಕೆ, ಹಿಂದಿನಿಂದ ಅಂಚಿಗೆ, ಮತ್ತೆ ಹೊಸ ಪೌಡರು, ಮತ್ತೆ ಬ್ರಶ್ಶು, ಈಗ ಚರ್ಮ ಸ್ವಲ್ಪ ಚರ್ಮದ ಹಾಗಿದೆ, ಕಂದು ಮೈ ಕಾಣುತ್ತಿದೆ, ತಾಮ್ರದ ರಿವೆಟ್ಟುಗಳು ಕಾಣುತ್ತಿವೆ, ತಗ್ಗುಗಳಲ್ಲಿ ಮಾತ್ರ ಬಿಳಿ ಉಳಿದಿದೆ. ಎರಡು ತಗ್ಗು. ಅಕ್ಕ ಕೂತ ಜಾಗ. ವರ್ಷಾನುಗಟ್ಟಲೆ ಕೂತು ಕೂತು ಕುಂಡೆಯ ಎರಡು ಮೂಳೆ ಮಾಡಿಕೊಂಡ ಗುಂಡಿಗಳು, ಅದಕ್ಕೇ ಅಲ್ಲವೇ ಚರ್ಮದ ಸೀಟು, ಮೊದಲ ವರ್ಷ ಅದು ನಿನ್ನ ಸೊಂಟ ಮುರಿಯುತ್ತೆ, ಆಮೇಲೆ ನಿನ್ನನ್ನ ಬಿಟ್ಟು ಬೇರೆ ಯಾರನ್ನೂ ಕೂರಿಸಿಕೊಳ್ಳಲ್ಲ, ಅನ್ನುತ್ತಿದ್ದಳು. ಬಲಗಡೆ ಬಿಳಿ ತೆಳ್ಳಗೆ, ಹಬೆ ಹಿಡಿದ ಹಾಗೆ. ಎಡಗಡೆ ಗಟ್ಟಿ ಬಿಳಿ, ಬೆರಳಿನ ಅರ್ಧ ಗೆಣ್ಣು ಮುಳುಗುವಷ್ಟು. ಬ್ರಶ್ಶು ನಿಂತಿತು.

ಎಣ್ಣೆಯಿಂದ ಜಗ್ಗಿರಬೇಕು ಅಂದುಕೊಂಡಳು, ಅಲ್ಲ, ಎಣ್ಣೆ ಎಡ ಬಲ ನೋಡುತ್ತಾ. ದೀಪ ಹತ್ತಿರ ಎಳೆದಳು. ಮೂತಿಯ ಎಡಮಗ್ಗುಲು ಸವೆದು ನುಣ್ಣಗಾಗಿದೆ, ಬಲಮಗ್ಗುಲು ಹೊಸದರ ಹಾಗಿದೆ. ಅಡಿಗಡೆಯ ಕಂಬಿಗಳ ಮೇಲೆ ಸೀಟನ್ನು ಸೈಕಲ್ಲಿಗೆ ಬಿಗಿಯುವ ಕ್ಲಾಂಪು ಕಚ್ಚಿದ ಗುರುತು, ಹಳೇ ಗುರುತು ಒಂದು, ಆಳವಾಗಿ, ಅದರ ಹಿಂದೆ ಹೊಸ ಗೀರುಗಳು, ಮುಂದೆ, ಹಿಂದೆ, ಮತ್ತೆ ಮುಂದೆ, ಅಕ್ಕ ಸೀಟಿನ ಜಾಗ ಬದಲಾಯಿಸುತ್ತಲೇ ಇದ್ದಾಳೆ, ಯಾವಾಗ ಬದಲಾಯಿಸಿದಳು, ಒಂದು ಸಲ ಕೂತುಕೊಂಡರೆ ಸೀಟು ಮುಟ್ಟಬಾರದು ಅನ್ನುತ್ತಿದ್ದವಳು. ಇಂಥ ಸವೆತವನ್ನು ಇವಳು ದಿನಾ ಓದುತ್ತಾಳೆ. ಗೋಡೆಯ ಮೇಲಿನ ಆ ದವಡೆಗಳಲ್ಲಿ ಯಾವುದನ್ನು ಬೇಕಾದರೂ ಎತ್ತಿಕೊಡಿ, ಇವರು ಬಲಗಡೆ ಅಗಿಯಲ್ಲ, ಅಲ್ಲಿ ನೋವಿದೆ, ಬಹಳ ದಿನದಿಂದ ಇದೆ, ಎಡಗಡೆ ಹಲ್ಲು ಸವೆದುಹೋಗಿದೆ ನೋಡಿ, ಅಂತ ಮುಖ ನೋಡದೆ ಹೇಳುತ್ತಾಳೆ, ಬಾಯಿ ಸುಳ್ಳು ಹೇಳುತ್ತೆ, ಹಲ್ಲು ಹೇಳಲ್ಲ. ಇಲ್ಲಿ ಅಕ್ಕನ ಅಚ್ಚು. ಬಲಗಡೆ ಕೂರುತ್ತಿರಲಿಲ್ಲ. ಒಂದು ದಿನದ ತಗ್ಗಲ್ಲ ಇದು, ಒಂದು ತಿಂಗಳದ್ದೂ ಅಲ್ಲ. ಇದ್ದಕ್ಕಿದ್ದ ಹಾಗೆ ಅಂದರಲ್ಲ. ಯಾರಿಗೂ ಗೊತ್ತೇ ಆಗಲಿಲ್ಲ ಅಂದರಲ್ಲ. ಆಗ ಅದು ಬಂತು ಕಣ್ಣೆದುರಿಗೆ, ಬೇಡ ಅಂದರೂ ಬಂತು, ದೀಪಸ್ತಂಭಕ್ಕೆ ಹೊರಟ ಆ ದಿನ, ನಾಲೆಯ ಪಕ್ಕದ ರಸ್ತೆ, ಸ್ಕೇಲು ಇಟ್ಟು ಗೀಚಿದಷ್ಟು ಮಟ್ಟಸ, ಏರಿಲ್ಲ ಇಳಿಜಾರಿಲ್ಲ, ಅಂಥ ರಸ್ತೆಯ ಮೇಲೆ ಮುಂದೆ ಹೋಗುತ್ತಿರುವ ಅಕ್ಕ ಪೆಡಲಿನ ಮೇಲೆ ಎದ್ದು ನಿಂತು ತುಳಿಯುತ್ತಿದ್ದಾಳೆ, ಬೆನ್ನು ನೆಟ್ಟಗೆ, ಕೆಳಗೆ ಸೀಟು ಖಾಲಿ. ಏನೇ, ಸೀಟಿಗೆ ಮುಳ್ಳು ಹುಟ್ಟಿದೆಯಾ, ಅಂತ ಇವಳು ಹಿಂದಿನಿಂದ ಕೂಗಿದ್ದಳು. ಕಾಲಿಗೆ ಕೆಲಸ ಕೊಡ್ತಿದೀನಿ, ನೀನು ಸುಮ್ನೆ ಬಾ. ತಿರುಗಿಯೂ ನೋಡಲಿಲ್ಲ. ಟೀ ಕುಡಿದದ್ದೂ ನಿಂತುಕೊಂಡೇ.

ಭಾವ, ಅವಳಿಗೆ ಸೊಂಟ ಯಾವಾಗಿಂದ ನೋಯ್ತಿತ್ತು, ಅಂದಳು, ತನ್ನ ದನಿ ಇಷ್ಟು ಮೆತ್ತಗಿದೆಯಲ್ಲ ಅಂತ ತನಗೇ ಭಯವಾಯಿತು. ಭಾವ ಲೋಟದ ತಳ ನೋಡಿದರು. ಅದೇನಂದ್ರೆ ಕಡ್ಡಿ. ಏನಂದ್ರೆ ಎಲ್ಲ ಬೇಡ, ಯಾವಾಗಿಂದ ಅಷ್ಟು ಹೇಳಿ. ಭಾವ ಲೋಟ ಕೆಳಗಿಟ್ಟರು, ನೀವಿಬ್ರೂ ದೀಪಸ್ತಂಭಕ್ಕೆ ಹೊರಟ್ರಲ್ಲ, ಅದಕ್ಕೂ ಬಹಳ ಮುಂಚಿನಿಂದ, ಅಂದರು, ಮೊದಮೊದಲು ಉಳುಕು ಅಂದ್ಲು, ನಾನೂ ಮಾತ್ರೆ ಕೊಟ್ಟೆ, ಆಮೇಲೆ ಮಾತ್ರೆ ಹೆಚ್ಚಾಯ್ತು, ಎಕ್ಸ್‌ರೇ ತೆಗೆಸಿದ್ವಿ, ದೊಡ್ಡ ಡಾಕ್ಟ್ರ ಹತ್ರ ಹೋದ್ವಿ, ಅವರು ಆಗಲೇ ಕೈಚೆಲ್ಲಿದ್ರು. ಸೈಕಲ್ ಮುಟ್ಟಬಾರ್ದು ಅಂದ್ರು. ಅವಳು ಕೇಳ್ತಾಳಾ. ಆಗಲೇ ಅಂದರೆ, ಹೊರಡೋಕೆ ಮುಂಚೆನಾ, ಅಂದಳು. ಹೂಂ. ನಿಮಗೆ ಗೊತ್ತಿತ್ತು. ಹೂಂ. ಗೊತ್ತಿದ್ದೂ ಬಾಗಿಲಲ್ಲಿ ನಿಂತು ನಮ್ಮಿಬ್ರಿಗೂ ಟಾಟಾ ಮಾಡಿದ್ರಿ. ಇವನು, ಈ ಮನುಷ್ಯ, ಊರಿಗೆಲ್ಲ ಔಷಧಿ ಮಾರುವವನು, ಹಲ್ಲುನೋವು ಅಂದರೂ ಡಾಕ್ಟರಿಗೆ ತೋರಿಸಿ ಅನ್ನುವವನು, ನನ್ನೆದುರು ಕೂತು ಊಟ ಮಾಡಿದವನು, ಏನು ಕಡ್ಡಿ ಅಕ್ಕನ ಮೇಲೆ ಇನ್ನೂ ಸಿಟ್ಟಾ ಅಂತ ತಮಾಷೆ ಮಾಡಿದವನು. ನನಗ್ಯಾಕೆ ಹೇಳಲಿಲ್ಲ, ಅಂತ ಕೂಗಿದಳು, ಕೂಗಿದ್ದು ಕೋಣೆಯ ಅಷ್ಟೂ ದವಡೆಗಳಿಗೆ ಬಡಿದು ವಾಪಸ್ ಬಂತು. ಅವಳೇ ಆಣೆ ಹಾಕಿಸಿಕೊಂಡ್ಲು, ಅಂದರು ಭಾವ, ಕಡ್ಡಿಗೆ ಗೊತ್ತಾದ್ರೆ ನನ್ನ ಜೊತೆ ಸೈಕಲ್ ತುಳಿಯಲ್ಲ, ಪಕ್ಕದಲ್ಲಿ ಕೂತು ಅಳ್ತಾಳೆ, ನನಗೆ ಜೊತೆಗೆ ತುಳಿಯೋರು ಬೇಕು ಅಳೋರು ಬೇಡ, ಅಂದ್ಲು. ಹೇಳಿದ್ರೆ ತಾನೇ ನೀನು ಏನು ಮಾಡ್ತಿದ್ದೆ ಹೇಳು. ಜಗಳ ಆಡ್ತಿದ್ದೆ ಭಾವ! ದಿನಾ ಜಗಳ ಆಡ್ತಿದ್ದೆ, ಕೈಕಾಲು ಕಟ್ಟಿ ಮಂಚದ ಮೇಲೆ ಮಲಗಿಸ್ತಿದ್ದೆ, ಇಲ್ಲ ಅಂದ್ರೆ ಆ ಟೆಂಪೋದಲ್ಲಿ ಅವಳ ಜೊತೆ ನಾನೂ ಹತ್ತುತ್ತಿದ್ದೆ, ಅಷ್ಟಾದ್ರೂ ಮಾಡ್ತಿದ್ದೆ, ನನ್ನ ಅಕ್ಕನ ಜೊತೆ ಜಗಳ ಆಡೋ ಹಕ್ಕು ನಂದು, ಅದನ್ನ ನೀವಿಬ್ರೂ ಸೇರಿ ಕಿತ್ಕೊಂಡ್ರಿ.

ನೋವಾದ್ರೆ ತಕ್ಷಣ ಹೇಳು. ಯಾರು ಹೇಳಿದ್ದು ಇದನ್ನು, ಅಕ್ಕನೇ ಹೇಳಿದ್ದು, ಇವಳಿಗೆ ಸೈಕಲ್ ಕಲಿಸಿದ ದಿನದಿಂದ ಹೇಳಿದ್ದು, ಹಲ್ಲು ಕಚ್ಚಿ ತುಳೀಬೇಡ ಕಡ್ಡಿ, ಮುಂದೆ ಜಾರಿದ್ರೆ ಮೂತಿ ಎತ್ತೋಣ, ತೊಡೆ ಉಜ್ಜಿದ್ರೆ ಇಳಿಸೋಣ, ಕೈ ಜೋಮು ಹಿಡಿದ್ರೆ ಸೀಟು ಹಿಂದಕ್ಕೆ ತಳ್ಳೋಣ, ಮಂಡಿ ನೋವಾದ್ರೆ ಎತ್ತರ ನೋಡೋಣ, ಎಲ್ಲಾದಕ್ಕೂ ದಾರಿ ಇದೆ, ನೀನು ಬಾಯಿ ಬಿಟ್ಟು ಹೇಳಬೇಕು ಅಷ್ಟೇ. ಬಾಯಿ ಬಿಟ್ಟು ಹೇಳಬೇಕಂತೆ. ಉಪದೇಶ. ಸುಳ್ಳಿ. ಕಳ್ಳಿ. ಸ್ಪ್ಯಾನರ್ ಎಲ್ಲಿ. ಸೀಟಿನ ಮೂತಿಯ ಅಡಿಯಲ್ಲಿ ಬೋಲ್ಟ್ ಇದೆ, ಬಿಗಿ ಮಾಡಿದರೆ ಚರ್ಮ ಮುಂದಕ್ಕೆ ಎಳೆದುಕೊಳ್ಳುತ್ತೆ, ಜಗ್ಗಿದ್ದು ನೆಟ್ಟಗಾಗುತ್ತೆ, ಕಾಲು ಸುತ್ತು ತಿರುಗಿಸು, ಬಡಿದು ನೋಡು, ಮತ್ತೆ ಕಾಲು ಸುತ್ತು, ಅವಸರ ಮಾಡಿದರೆ ರಿವೆಟ್ಟಿನ ಹತ್ತಿರ ಹರಿಯುತ್ತೆ. ಸೀಟನ್ನು ಬೈಸಿನಲ್ಲಿ ಕಚ್ಚಿಸಿ ತಿರುಗಿಸಿದಳು. ಕಾಲು ಸುತ್ತು. ಟಪ್ ಅಂತು. ಮತ್ತೆ ತಿರುಗಿಸಿದಳು. ಚರ್ಮ ಕಿರ್ರೆಂದಿತು, ಬಲಗಡೆಯ ಬಿಳಿ ಹಾರಿಹೋಯಿತು, ಎಡಗಡೆಯದು ಅಂಚಿನಿಂದ ಕರಗುತ್ತ ಬಂತು. ಭಾವ ಎದ್ದು ಬಂದು ಇವಳ ಮಣಿಕಟ್ಟಿನ ಮೇಲೆ ಕೈ ಇಟ್ಟರು. ಸಾಕು ಕಡ್ಡಿ, ಅವಳು ಕೂತಿದ್ದ ಗುರುತು ಹೋಗ್ಬಿಡುತ್ತೆ. ಹೋಗಲಿ ಬಿಡಿ. ಬೇಡಮ್ಮ, ಅಂದರು ಭಾವ, ಸಂಜೆ ಅಂಗಡಿಯಿಂದ ಬಂದು ನಾನೇನು ಮಾಡ್ಲಿ ಹೇಳು, ಇದನ್ನ ತೊಡೆ ಮೇಲೆ ಇಟ್ಕೊಂಡು ಎಣ್ಣೆ ಸವರ್ತಿದ್ದೆ, ಅವಳು ಕೂತ ಜಾಗ ಒಣಗಬಾರ್ದು ಅಂತ, ದಿನಾ ಸವರ್ತಿದ್ದೆ, ಅದಕ್ಕೇ ನಿಂಗೆ ಕೊಡೋಕೆ ಮನಸ್ಸು ಬರ್ಲಿಲ್ಲ. ಅಟ್ಟದ ಮೇಲಿಲ್ಲ ಅದು. ಇದ್ದಿದ್ದು ಹಾಸಿಗೆ ಪಕ್ಕದಲ್ಲಿ. ಇವಳಿಗೆ ಒಂದು ಕ್ಷಣ ಅವರ ಮುಖ ಕಂಡಿತು, ಕ್ಷೌರ ಮಾಡಿದ ಗಲ್ಲ, ಕಿವಿಯ ಹತ್ತಿರ ಬಿಟ್ಟುಹೋದ ನಾಲ್ಕು ಕೂದಲು, ಅಕ್ಕ ಇದ್ದಿದ್ದರೆ ಅಲ್ಲಿ ಬಿಟ್ಟಿದೀರ ನೋಡಿ ಅನ್ನುತ್ತಿದ್ದಳು, ಆದರೂ ಸಿಟ್ಟು ಇಳಿಯಲಿಲ್ಲ, ಕರುಣೆ ಬಂದರೆ ಸಿಟ್ಟು ಹೋಗಬೇಕು ಅಂತ ಎಲ್ಲಿ ಬರೆದಿದೆ, ಎರಡೂ ಪಕ್ಕಪಕ್ಕ ಕೂತಿವೆ, ಒಂದೇ ಬೆಂಚಿನ ಮೇಲೆ. ಕೈ ತೆಗೀರಿ ಭಾವ, ಅಂದಳು. ಅವರು ತೆಗೆದರು. ಇನ್ನೊಂದು ಅರೆಕಾಲು ಸುತ್ತು ತಿರುಗಿಸಿ ತಾನಾಗೇ ನಿಲ್ಲಿಸಿದಳು, ಇನ್ನು ಎಳೆದರೆ ಹರಿಯುತ್ತೆ. ಬಡಿದಳು. ಟಕ್ ಅಂತು, ಪೂರ್ತಿ ಟಕ್ ಅಲ್ಲ, ಸಾಕು. ಎಡಗಡೆಯ ತಗ್ಗು ಹೋಗಿರಲಿಲ್ಲ. ಎಷ್ಟು ಮೊಂಡು ನೋಡು ಇದು.

ತನ್ನ ಸೈಕಲ್ಲಿಗೆ ಹಾಕಿದಳು. ಪ್ಲಾಸ್ಟಿಕ್ ಸೀಟು ಬಿಚ್ಚಿ ಮೂಲೆಗೆ ಎಸೆದು, ಕ್ಲಾಂಪನ್ನು ಅಕ್ಕನ ಹಳೇ ಗುರುತಿನ ಮೇಲೆ ಕೂರಿಸಿ, ಮಟ್ಟ ನೋಡೋಕೆ ಉದ್ದದ ಸ್ಕೇಲು ಅಡ್ಡ ಇಟ್ಟು, ಮೂತಿ ನೆಟ್ಟಗಿದೆಯಾ ಅಂತ ಹ್ಯಾಂಡಲ್ಲಿನ ನಡುವಿನಿಂದ ದಾರ ಹಿಡಿದು ನೋಡಿದಳು, ದಾರದ ಆ ತುದಿ ಭಾವನ ಕೈಯಲ್ಲಿ. ಹಿಡ್ಕೊಳ್ಳಿ ಅಂದಳು. ಭಾವ ಹ್ಯಾಂಡಲ್ಲು ಹಿಡಿದು ನಿಂತರು, ಇವಳು ಹತ್ತಿ ಹಿಮ್ಮಡಿ ಪೆಡಲಿನ ಮೇಲಿಟ್ಟು ಕಾಲು ನೀಡಿದಳು, ಎತ್ತರ ಸರಿ, ಅಕ್ಕನದೂ ಇವಳದೂ ಕಾಲು ಒಂದೇ ಅಳತೆ, ಕೂತಳು, ಕೂತ ಕೂಡಲೇ ಸೀಟು ಇವಳನ್ನು ಎಡಕ್ಕೆ ತಳ್ಳಿತು. ಬಲಕ್ಕೆ ಸರಿದು ಕೂತಳು. ಮತ್ತೆ ಎಡಕ್ಕೆ. ಸರಿಯಿಲ್ವಾ, ಅಂದರು ಭಾವ. ತುಳಿದು ಬರ್ತೀನಿ, ಬಿಡಿ. ನಾಳೆ ಹೋಗ್ತೀಯಾ. ಹೋಗ್ತೀನಿ, ನೀವು ಬಸ್ಸಿನಲ್ಲಿ ಬನ್ನಿ, ಗೋಪುರದ ಕೆಳಗೆ ಕಾಯ್ತಿರಿ, ನನ್ನ ಜಗಳ ಇನ್ನೂ ಮುಗಿದಿಲ್ಲ. ಭಾವ ತಲೆಯಾಡಿಸಿದರು, ಈ ಸಲ ಕೇಳಿಸಿಕೊಂಡೇ ಆಡಿಸಿದ ಹಾಗಿತ್ತು. ಬಿಟ್ಟರು. ಓಣಿ, ಇಸ್ತ್ರಿ ಅಂಗಡಿ, ಬೀಗ ಹಾಕಿದ ಗೋದಾಮು, ಗೋಡೆಯ ಮೇಲೆ ಮಲಗಿದ ಬೆಕ್ಕು, ಮುಖ್ಯ ರಸ್ತೆಯ ಹಾರನ್ನು, ಆಮೇಲೆ ಗದ್ದಲ ಹಿಂದೆ ಬಿತ್ತು, ನಾಲೆ ಶುರುವಾಯಿತು, ನೀರಿನ ಮೇಲೆ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಇಳಿದು ಮೂತಿಯನ್ನು ಕೂದಲೆಳೆಯಷ್ಟು ಎತ್ತಿದಳು, ಹತ್ತಿದಳು, ಜಾರುವುದು ನಿಂತಿತು, ಎಡಕ್ಕೆ ಎಳೆಯುವುದು ನಿಲ್ಲಲಿಲ್ಲ. ಬಲಗಡೆಯ ಮೂಳೆಗೆ ಗಟ್ಟಿ ದಿಬ್ಬ ಒತ್ತುತ್ತಿದೆ, ಸಣ್ಣ ನೋವು, ಹೇಳಬಹುದಾದ ನೋವು, ಹೇಳೋಕೆ ಮುಂದೆ ಯಾರೂ ಇಲ್ಲ. ನೋಯ್ತಿದೆ ಕಣೇ, ಅಂತ ಜೋರಾಗಿ ಹೇಳಿದಳು, ನಾಲೆಯ ಆಚೆ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ತಿರುಗಿ ನೋಡಿದಳು, ನೋಡಲಿ, ನೋಯ್ತಿದೆ, ಕೇಳಿಸ್ತಾ, ನೋವಾದ್ರೆ ಹೀಗೆ ಹೇಳೋದು, ಬಾಯಿ ಬಿಟ್ಟು, ಏನು ಕಷ್ಟವಿತ್ತು ನಿನಗೆ, ಒಂದು ಮಾತು, ಕಡ್ಡಿ ನೋಯ್ತಿದೆ ಅಂತ ಒಂದು ಮಾತು, ನಾನು ಬೋರಾಯ್ತು ಅನ್ನೋದನ್ನ ನಂಬಿದೆನಲ್ಲ, ಟೆಂಪೋ ಹೋದ ಮೇಲೆ ಅಷ್ಟು ದೂರವೂ ನಿನಗೆ ಬೈದೆನಲ್ಲ, ಬೈಸಿಕೊಂಡೆಯಲ್ಲ, ಹೇಳಬಾರದಿತ್ತೇನೇ, ರಸ್ತೆ ನೆಟ್ಟಗೆ ಇದೆ, ಮಟ್ಟಸವಾಗಿದೆ, ಮುಂದೆ ಯಾರೂ ಇಲ್ಲ, ಯಾರೂ ಇಲ್ಲದ ಕಡೆ ಅಕ್ಕ ಎದ್ದು ನಿಂತು ತುಳಿಯುತ್ತಿದ್ದಾಳೆ, ಬೆನ್ನು ನೆಟ್ಟಗೆ, ಕುತ್ತಿಗೆ ನೆಟ್ಟಗೆ, ತಿರುಗುವುದಿಲ್ಲ, ಕೂತ್ಕೋ ಅಂದಳು ಇವಳು, ಕೂತ್ಕೊಳ್ಳೇ, ಸಾಕು ಕೂತ್ಕೋ, ಅಕ್ಕ ತುಳಿಯುತ್ತಿದ್ದಾಳೆ, ಕೆಳಗೆ ಸೀಟು ಖಾಲಿ, ಅಕ್ಕ ಕೂರುತ್ತಿಲ್ಲ, ಕೆಳಗೆ ಸೀಟು ಖಾಲಿ